ಗೋಳಗುಮ್ಮಟ ಕಟ್ಟಿದವರು ಮೊಘಲರೇ? ಮಧ್ಯಯುಗವನ್ನು ನಾವು ಓದುತ್ತಿರುವ ಬಗೆಯ ಕುರಿತು

ಸಮಾಜ ವಿಜ್ಞಾನ ಶಿಕ್ಷಕ, ವಿಜಯಪುರ

ಗೋಳಗುಮ್ಮಟವನ್ನು ಕಟ್ಟಿಸಿದವರು ಯಾರು ಎಂದು ತರಗತಿಯಲ್ಲಿ ಕೇಳಿದರೆ ‘ಮೊಘಲರು’ ಎಂಬ ಉತ್ತರ ಪ್ರತಿ ವರ್ಷ ತಪ್ಪದೆ ಬರುತ್ತದೆ. ಗುಮ್ಮಟದ ಬೆನ್ನಿಗೇ ಮನೆಯಿರುವ ಮಕ್ಕಳೂ ಹಾಗೆಯೇ ಹೇಳುತ್ತಾರೆ. ಅದು 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲಶಹನ ಗೋರಿ. ಮೊಘಲರು ಈ ಊರಿಗೆ ಬಂದದ್ದು ಮುತ್ತಿಗೆ ಹಾಕಲು. 1686ರಲ್ಲಿ ಔರಂಗಜೇಬ ಸ್ವತಃ ಬಂದು ನಿಂತು ಕೋಟೆ ಹಿಡಿದು, ಕೊನೆಯ ಸುಲ್ತಾನ ಸಿಕಂದರನನ್ನು ಸೆರೆಯಾಗಿಸಿಕೊಂಡ. ಅಂದರೆ ನಮ್ಮ ಮಕ್ಕಳು ಮನೆ ಕಟ್ಟಿದವನ ಹೆಸರಿನ ಜಾಗದಲ್ಲಿ ಆ ಮನೆಯನ್ನು ಕಸಿದುಕೊಂಡವನ ಹೆಸರು ಬರೆಯುತ್ತಿದ್ದಾರೆ.

ಉತ್ತರ ತಪ್ಪಾಯಿತೆಂಬುದು ನನ್ನ ದೊಡ್ಡ ಚಿಂತೆಯಲ್ಲ, ತಿದ್ದಿದರೆ ತಿದ್ದುಕೊಳ್ಳುತ್ತಾರೆ. ಅದರ ಹಿಂದಿನ ಲೆಕ್ಕಾಚಾರ ಮಾತ್ರ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಮುಸಲ್ಮಾನ ಅರಸನೆಂದರೆ ಮೊಘಲ, ಹಿಂದೂ ಅರಸನೆಂದರೆ ಅವನ ವೈರಿ, ನಡುವಿನ ನೂರಾರು ವರ್ಷಗಳೆಲ್ಲ ಆ ಇಬ್ಬರದೇ ಕುಸ್ತಿ ಎಂಬ ಲೆಕ್ಕಾಚಾರವದು. ದೊಡ್ಡವರೂ ಇದೇ ಲೆಕ್ಕದಲ್ಲಿ ಮಾತನಾಡುತ್ತಾರೆ. ಚುನಾವಣೆ ಹತ್ತಿರ ಬಂದಾಗ ಇನ್ನೂ ಗಟ್ಟಿಯಾಗಿ ಮಾತನಾಡುತ್ತಾರೆ.

ನಮ್ಮ ಜಿಲ್ಲೆಯ ಅಂಚಿನಲ್ಲಿಯೇ ನಡೆದ 1565ರ ತಾಳಿಕೋಟೆ ಯುದ್ಧವನ್ನು ತೆಗೆದುಕೊಳ್ಳೋಣ. ಸುಲ್ತಾನರೆಲ್ಲ ಧರ್ಮದ ಹೆಸರಿನಲ್ಲಿ ಒಂದಾಗಿ ವಿಜಯನಗರವನ್ನು ಮುಗಿಸಿದರು ಎಂಬುದು ಎಲ್ಲರಿಗೂ ಬಾಯಿಪಾಠ. ಆದರೆ ಆ ಯುದ್ಧಕ್ಕೆ ಮುಂಚಿನ ಇಪ್ಪತ್ತು ವರ್ಷಗಳನ್ನು ನೋಡಿದರೆ ಯಾರು ಯಾರ ಕಡೆಗಿದ್ದರೆಂದು ಹೇಳಲು ವರ್ಷವಾರು ಪಟ್ಟಿಯೇ ಬೇಕಾಗುತ್ತದೆ. 1543ರಲ್ಲಿ ಅಳಿಯ ರಾಮರಾಯನು ಅಹಮದನಗರ ಮತ್ತು ಗೋಲ್ಕೊಂಡಗಳ ಜೊತೆಗೂಡಿ ಬಿಜಾಪುರದ ಮೇಲೆ ಬಂದ. ಅದೇ ವರ್ಷ ಗೋಲ್ಕೊಂಡದಲ್ಲಿ ಅಣ್ಣನ ಭಯದಿಂದ ಓಡಿಬಂದ ಇಬ್ರಾಹಿಂ ಕುತುಬಶಹ ಮುಂದೆ ಏಳು ವರ್ಷ ಆಶ್ರಯ ಪಡೆದದ್ದು ವಿಜಯನಗರದಲ್ಲಿ, ಅದೇ ರಾಮರಾಯನ ಬಳಿಯಲ್ಲಿ. 1558ರ ಹೊತ್ತಿಗೆ ನಮ್ಮ ಒಂದನೆಯ ಅಲಿ ಆದಿಲಶಹ ರಾಮರಾಯನ ಸ್ನೇಹ ಬೆಳೆಸಿ, ಇಬ್ಬರೂ ಕೂಡಿ ಅಹಮದನಗರದ ಮೇಲೆ ದಂಡೆತ್ತಿ ಹೋದರು. ರಾಮರಾಯನ ಮಗ ತೀರಿಕೊಂಡಾಗ ಅಲಿ ಸ್ವತಃ ವಿಜಯನಗರಕ್ಕೆ ಹೋಗಿ ಸಾಂತ್ವನ ಹೇಳಿದನೆಂದೂ, ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳೆಂದೂ ಬಿಜಾಪುರದ ಆಸ್ಥಾನದಲ್ಲಿಯೇ ಕುಳಿತು ಬರೆದ ಫರಿಶ್ತಾ ದಾಖಲಿಸಿದ್ದಾನೆ. ಈ ಅಲಿಯೇ ಕೆಲವು ವರ್ಷಗಳ ನಂತರ ಹಳೆಯ ವೈರಿಯಾದ ಅಹಮದನಗರದ ಹುಸೇನ್ ನಿಜಾಮಶಹನ ಮಗಳು ಚಾಂದಬೀಬಿಯನ್ನು ಮದುವೆಯಾಗಿ, ಉಡುಗೊರೆಯಾಗಿ ಸೋಲಾಪುರದ ಕೋಟೆಯನ್ನು ಪಡೆದು, ಎದುರು ಪಾಳಯ ಸೇರಿದ. ಆ ಕೋಟೆಗಾಗಿ ಎರಡೂ ಮನೆತನಗಳು ಎಷ್ಟೋ ಕಾಲದಿಂದ ಹೊಡೆದಾಡಿದ್ದವು.

ಇದರಲ್ಲಿ ಧರ್ಮವೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಆ ಕಾಲದವರು ಮೈತ್ರಿ ಕಟ್ಟಿದ್ದು ಮತ್ತು ಮುರಿದದ್ದು ಹೆಚ್ಚಾಗಿ ಕೋಟೆ, ಮದುವೆ, ಸೇವೆ, ವತನ, ಆಸ್ಥಾನದ ಬಣ ಇವುಗಳ ಮೇಲೆ. ನಮ್ಮ ಇಂದಿನ ಎರಡು ಗುಂಪುಗಳನ್ನು ಹಿಂದಕ್ಕೆ ಕಳುಹಿಸಿ ಅವರ ಮೇಲೆ ಹೊದಿಸಿದರೆ ಇದ್ಯಾವುದೂ ಕಾಣುವುದಿಲ್ಲ. ಬಲ್ಲವರು ತಮ್ಮ ಊರುಗಳ ಕಡೆಯಿಂದ ಬರೆಯಬೇಕೆಂದು ಕೋರುತ್ತೇನೆ.

ಇತಿಹಾಸ ಎಂ.ಎ. ವಿದ್ಯಾರ್ಥಿನಿ, ವಿಜಯಪುರ

ಗುರುಗಳೇ, ಮಕ್ಕಳನ್ನು ಬಾರಾಕಮಾನಿಗೆ ಕರೆದುಕೊಂಡು ಹೋಗಿ ಎಂಬುದು ನನ್ನ ಸಲಹೆ. ಅಲ್ಲಿ ಬರುವ ಪ್ರವಾಸಿಗರಿಗೆಲ್ಲ ಒಂದು ಕಥೆ ಹೇಳಲಾಗುತ್ತದೆ: ಈ ಕಟ್ಟಡ ಮುಗಿದಿದ್ದರೆ ಗೋಳಗುಮ್ಮಟವನ್ನೂ ಮೀರಿಸುತ್ತಿತ್ತು, ಆ ಹೊಟ್ಟೆಕಿಚ್ಚಿನಿಂದ ತಂದೆಯೇ ಮಗನನ್ನು ಕೊಲ್ಲಿಸಿ ಕೆಲಸ ನಿಲ್ಲಿಸಿದ. ಕೇಳುವವರು ‘ಅಯ್ಯೋ’ ಎನ್ನುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ, ಹೋಗುತ್ತಾರೆ. ಈ ಕಥೆಯನ್ನು ಪರೀಕ್ಷಿಸಲು ಪಾರ್ಸಿ ಬರಬೇಕಾಗಿಲ್ಲ, ಯಾವ ಗ್ರಂಥಾಲಯಕ್ಕೂ ಹೋಗಬೇಕಾಗಿಲ್ಲ. ಬಾರಾಕಮಾನು ಎರಡನೆಯ ಅಲಿ ಆದಿಲಶಹನ ಗೋರಿ. ಅವನು ಪಟ್ಟಕ್ಕೆ ಬಂದದ್ದೇ ತಂದೆ ಮಹಮ್ಮದ್ ಆದಿಲಶಹ 1656ರಲ್ಲಿ ಸತ್ತ ಮೇಲೆ. ಆನಂತರ 1672ರವರೆಗೆ ಆಳಿದ. ಹದಿನಾರು ವರ್ಷ ಮೊದಲೇ ಸತ್ತು ಗುಮ್ಮಟದಡಿ ಮಲಗಿದ ತಂದೆ ಮಗನನ್ನು ಕೊಲ್ಲಿಸುವುದು ಹೇಗೆ? ಎರಡು ಇಸವಿಗಳನ್ನು ಹಲಗೆಯ ಮೇಲೆ ಬರೆದರೆ ಏಳನೆಯ ತರಗತಿಯ ಹುಡುಗನೂ ಈ ಕಥೆಯನ್ನು ಬಿಡಿಸಿ ಇಡುತ್ತಾನೆ.

ಆ ಹದಿನಾರು ವರ್ಷಗಳಲ್ಲಿ ನಿಜವಾಗಿ ನಡೆದದ್ದು ಕಥೆಗಿಂತ ಹೆಚ್ಚು ಸ್ವಾರಸ್ಯವಾಗಿದೆ. ಅಲಿ ಪಟ್ಟಕ್ಕೆ ಬಂದ ಮರುವರ್ಷವೇ, ಆಗಿನ್ನೂ ರಾಜಕುಮಾರನಾಗಿದ್ದ ಔರಂಗಜೇಬ ದಂಡೆತ್ತಿ ಬಂದ. 1659ರಲ್ಲಿ ಪ್ರತಾಪಗಡದ ಬುಡದಲ್ಲಿ ಶಿವಾಜಿಯ ಕೈಯಲ್ಲಿ ಬಿಜಾಪುರದ ಸರದಾರ ಅಫ್ಜಲಖಾನ ಸತ್ತ. 1665-66ರಲ್ಲಿ ಮೊಘಲರ ಪರವಾಗಿ ರಜಪೂತ ಜಯಸಿಂಗ ಬಿಜಾಪುರದ ಸಮೀಪದವರೆಗೂ ಬಂದ. ಖಜಾನೆ ಯಾವ ಕಡೆಗೆ ಹರಿಯಿತೆಂದು ಊಹಿಸುವುದು ಕಷ್ಟವಲ್ಲ. ಇನ್ನು ‘ಸಾಠ್ ಕಬರ್’ ಎಂಬಲ್ಲಿ ಅಫ್ಜಲಖಾನನು ಯುದ್ಧಕ್ಕೆ ಹೊರಡುವ ಮೊದಲು ತನ್ನ ಹೆಂಡಿರನ್ನೆಲ್ಲ ಕೊಂದನೆಂದು ಹೇಳುತ್ತಾರಲ್ಲ, ಅಲ್ಲಿಯೂ ಇದೇ ಬಗೆಯ ಪ್ರಶ್ನೆ ಕೇಳಬೇಕು: ಇದನ್ನು ಆ ಕಾಲದಲ್ಲಿ ಬರೆದವರು ಯಾರು? ಸಾಲು ಗೋರಿಗಳು ಕಣ್ಣೆದುರು ಇವೆ ಎಂಬುದು ಸರಿ. ಗೋರಿಯಿದ್ದರೆ ಸಾವಿಗೆ ಸಾಕ್ಷಿ, ಕೊಲೆಗಲ್ಲ.

ನೀವು ಬಣದ ಮಾತು ಎತ್ತಿದಿರಿ. ಅದು ಅರ್ಥವಾಗದೆ ದಖ್ಖನಿನ ರಾಜಕಾರಣ ಅರ್ಥವಾಗುವುದಿಲ್ಲ. ಇಲ್ಲಿಯೇ ಹುಟ್ಟಿ ಬೆಳೆದ ಸರದಾರರು ದಖ್ಖನಿಗಳು; ಇರಾನ್ ಮತ್ತು ಮಧ್ಯ ಏಷ್ಯಾದಿಂದ ಹಡಗು ಹತ್ತಿ ಬಂದವರು ಆಫಾಕಿಗಳು; ಇವರ ಜೊತೆಗೆ ಆಫ್ರಿಕಾ ಮೂಲದ ಹಬಶಿಗಳು. ಇವರೆಲ್ಲರೂ ಮುಸಲ್ಮಾನರೇ, ಆದರೂ ಒಬ್ಬರ ಕುತ್ತಿಗೆಗೆ ಇನ್ನೊಬ್ಬರು ಕೈ ಹಾಕದ ದಶಕವಿಲ್ಲ. ಬಹಮನಿ ರಾಜ್ಯದ ಸಮರ್ಥ ಮಂತ್ರಿ ಮಹಮೂದ್ ಗಾವಾನ್ 1481ರಲ್ಲಿ ತಲೆ ಕೊಟ್ಟದ್ದು ದಖ್ಖನಿ ಬಣದವರು ಹುಟ್ಟಿಸಿದ ಸುಳ್ಳು ಪತ್ರದ ದೆಸೆಯಿಂದ. ಇಲ್ಲಿ ಬಾಲಕ ಎರಡನೆಯ ಇಬ್ರಾಹಿಂ ಆದಿಲಶಹನ ಪರವಾಗಿ ಆಡಳಿತ ನೋಡುತ್ತಿದ್ದ ಚಾಂದಬೀಬಿಯನ್ನು ಸಾತಾರಾದ ಕೋಟೆಯಲ್ಲಿ ಕೂಡಿಹಾಕಿದ ಕಿಶ್ವರಖಾನನೂ ಅದೇ ಆಸ್ಥಾನದವನು.

ರೈತ, ಮುದ್ದೇಬಿಹಾಳ ತಾಲ್ಲೂಕು

ಸರ್, ಒಂದು ಸಣ್ಣ ಮಾತು. ನೀವೆಲ್ಲರೂ ತಾಳಿಕೋಟೆ ಯುದ್ಧ ಎನ್ನುತ್ತೀರಿ. ಯುದ್ಧ ನಡೆದದ್ದು ಕೃಷ್ಣೆಯ ದಂಡೆಗಳಲ್ಲಿರುವ ರಕ್ಕಸಗಿ ಮತ್ತು ತಂಗಡಗಿಗಳ ಸೀಮೆಯಲ್ಲಿ ಎಂದು ನಮ್ಮ ಕಡೆಯವರು ಹೇಳುತ್ತಾರೆ, ಪುಸ್ತಕಗಳೂ ಈಗ ಹಾಗೆಯೇ ಬರೆಯುತ್ತಿವೆ. ತಾಳಿಕೋಟೆ ಅಲ್ಲಿಂದ ಸಾಕಷ್ಟು ದೂರ; ಅದು ಸುಲ್ತಾನರ ದಂಡು ಬೀಡು ಬಿಟ್ಟಿದ್ದ ಊರು. 1565ರ ಜನವರಿ 23ರಂದು ನಡೆದ ಅಷ್ಟು ದೊಡ್ಡ ಘಟನೆಗೆ ತಪ್ಪು ಊರಿನ ಹೆಸರು ಅಂಟಿಕೊಂಡು ಕುಳಿತಿದೆ. ಇಂದು ರಕ್ಕಸಗಿ ಬಾಗಲಕೋಟೆ ಜಿಲ್ಲೆಗೆ, ತಂಗಡಗಿ ವಿಜಯಪುರ ಜಿಲ್ಲೆಗೆ ಸೇರಿವೆ. ಆದ್ದರಿಂದ ಫಲಕ ಹಾಕುವ ಜವಾಬ್ದಾರಿಯನ್ನು ಎರಡೂ ಕಡೆಯವರು ಒಬ್ಬರ ಮೇಲೊಬ್ಬರು ಹಾಕುತ್ತಾರೆ.

ಜನವರಿ ತಿಂಗಳಲ್ಲಿಯೇ ಏಕೆ ಎಂಬುದನ್ನು ಶಾಲೆಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ನಮ್ಮಂಥವರಿಗೆ ಅದು ಕೂಡಲೇ ತಿಳಿಯುತ್ತದೆ. ಮಳೆಗಾಲದ ಕೃಷ್ಣೆಯನ್ನು ಆನೆ, ಕುದುರೆ, ತೋಪುಗಳ ಸಮೇತ ದಾಟುವ ಮಾತೇ ಇಲ್ಲ. ಹೊಳೆ ಇಳಿದ ಮೇಲೆ, ಹಿಂಗಾರಿ ಜೋಳ ಹೊಲದಲ್ಲಿ ನಿಂತಿರುವಾಗ ದಂಡು ಬಂತೆಂದರೆ ಕುದುರೆಗೆ ಮೇವು ಯಾರ ಹೊಲದಿಂದ ಹೋಗಿರಬೇಕು ಎಂಬುದನ್ನೂ ನಿಮ್ಮ ಪಟ್ಟಿಯಲ್ಲಿ ಬರೆದುಕೊಳ್ಳಿ. ಆ ರೈತರು ಯಾವ ಧರ್ಮದವರೆಂದು ಕುದುರೆಗಳು ಕೇಳಿರಲಾರವು.

ವಕೀಲ, ಬೆಳಗಾವಿ

ಶಿಕ್ಷಕರು ಬರೆದದ್ದರಲ್ಲಿ ಸಂಗತಿಗಳು ಸರಿಯಾಗಿವೆ, ತೂಕದ ಬಗ್ಗೆ ನನ್ನ ತಕರಾರಿದೆ. ಕೋಮುವಾದಿ ಓದಿಗೆ ಉತ್ತರ ಕೊಡುವ ಭರದಲ್ಲಿ ಮಧ್ಯಯುಗವನ್ನು ಸೌಹಾರ್ದದ ಸುವರ್ಣಯುಗವನ್ನಾಗಿಸುವ ಇನ್ನೊಂದು ಚಟ ನಮ್ಮ ಓದುಗರಿಗೆ ಅಂಟಿಕೊಂಡಿದೆ. ಎರಡನೆಯ ಇಬ್ರಾಹಿಂ ಆದಿಲಶಹನ ಹೆಸರು ಬಂದರೆ ಸಾಕು, ಅವನು ದಖ್ಖನಿ ಭಾಷೆಯಲ್ಲಿ ಬರೆದ ಪದಗಳಲ್ಲಿ ಸರಸ್ವತಿಯ ಮತ್ತು ಗಣಪತಿಯ ಸ್ತುತಿ ಇದೆ, ಜನ ಅವನನ್ನು ಜಗದ್ಗುರು ಎಂದರು ಎಂದು ಎಲ್ಲರೂ ಕಣ್ಣರಳಿಸುತ್ತಾರೆ. ಇದೆಲ್ಲ ನಿಜ. ಅದೇ ಇಬ್ರಾಹಿಂ ತನ್ನ ಹಳೆಯ ಮಂತ್ರಿ ದಿಲಾವರಖಾನನನ್ನು ನಂಬಿಸಿ ಕರೆಸಿ ಕಣ್ಣು ಕೀಳಿಸಿದ್ದೂ ನಿಜ. ಇಂದಿನ ಜಾತ್ಯತೀತ ಪ್ರಜೆಯೊಬ್ಬನನ್ನು ನಾಲ್ಕುನೂರು ವರ್ಷ ಹಿಂದೆ ಹುಡುಕಲು ಹೋಗುವುದೂ, ಇಂದಿನ ಮತಾಂಧನೊಬ್ಬನನ್ನು ಹುಡುಕಲು ಹೋಗುವುದೂ ಒಂದೇ ರೋಗದ ಎರಡು ಲಕ್ಷಣಗಳು.

ನಮ್ಮ ಬೆಳಗಾವಿ ಕೋಟೆಗೆ ಬನ್ನಿ. ರಟ್ಟರ ಅಧಿಕಾರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ ಕೋಟೆಯೊಳಗೆ ಕಮಲ ಬಸದಿ ಇಂದಿಗೂ ನಿಂತಿದೆ. ಅದೇ ಕೋಟೆಯಲ್ಲಿ ಅಸದಖಾನ ಲಾರಿಯ ಸಫಾ ಮಸೀದಿಯೂ ಇದೆ, ಅದರ ಕೆಲವು ಕಂಬಗಳು ಹಳೆಯ ಗುಡಿಗಳಿಂದ ಬಂದವು, ಅವುಗಳ ಮೇಲೆ ಕನ್ನಡ ಶಾಸನಗಳಿವೆ. ಬಸದಿಯನ್ನು ಮಾತ್ರ ತೋರಿಸಿ ಸಹಬಾಳ್ವೆ ಎನ್ನುವವನೂ, ಕಂಬಗಳನ್ನು ಮಾತ್ರ ತೋರಿಸಿ ಧ್ವಂಸ ಎನ್ನುವವನೂ ಅರ್ಧ ಸಾಕ್ಷಿಯನ್ನು ಕಟಕಟೆಗೆ ತಂದಂತೆ. ಪಾಟೀಸವಾಲಿನಲ್ಲಿ ಇಬ್ಬರೂ ಬೀಳುತ್ತಾರೆ.

ಆದರೆ ವತನದ ಬಗ್ಗೆ ನೀವು ಒಂದೇ ಪದದಲ್ಲಿ ಹೇಳಿ ಮುಂದೆ ಹೋದದ್ದು ಸರಿಯಲ್ಲ. ಮಧ್ಯಯುಗ ನಮ್ಮ ಇಂದಿನ ಬದುಕನ್ನು ನಿಜವಾಗಿ ಮುಟ್ಟುವುದು ಅಲ್ಲಿಯೇ. ದೇಸಾಯಿ, ದೇಶಪಾಂಡೆ, ನಾಡಗೌಡ, ಕುಲಕರ್ಣಿ, ಗೌಡಕಿ ಇವೆಲ್ಲ ವತನಗಳು, ಅಂದರೆ ವಂಶಪಾರಂಪರ್ಯವಾಗಿ ಬಂದ ಕಂದಾಯ ವಸೂಲಿಯ ಮತ್ತು ಲೆಕ್ಕದ ಹುದ್ದೆಗಳು. ಬಹಮನಿಗಳು ಹೋದರು, ಆದಿಲಶಾಹಿಗಳು ಹೋದರು, ಮೊಘಲರು ಬಂದು ಹೋದರು, ಪೇಶ್ವೆಗಳು ಹೋದರು, ಇಂಗ್ಲಿಷರು ಬಂದರು; ಹಳ್ಳಿಯ ಲೆಕ್ಕದ ಕಟ್ಟು ಮಾತ್ರ ಬಹಳ ಕಡೆ ಅದೇ ಮನೆಗಳ ಜಂತಿಯಲ್ಲಿ ಉಳಿಯಿತು. ಯಾವ ಸುಲ್ತಾನನೂ ಈ ಮನೆತನಗಳಿಲ್ಲದೆ ಒಂದು ಚೀಲ ಜೋಳವನ್ನೂ ವಸೂಲಿ ಮಾಡಲಾರ, ಯಾವ ಮನೆತನವೂ ಸುಲ್ತಾನನ ಸನದು ಇಲ್ಲದೆ ತನ್ನ ಹಕ್ಕನ್ನು ಉಳಿಸಿಕೊಳ್ಳಲಾರದು. ಒಂದನೆಯ ಇಬ್ರಾಹಿಂ ಆದಿಲಶಹ ಕಂದಾಯದ ಲೆಕ್ಕಗಳನ್ನು ಪಾರ್ಸಿಯಿಂದ ದೇಶಭಾಷೆಗೆ ತಂದು ಬ್ರಾಹ್ಮಣ ಲೆಕ್ಕಿಗರನ್ನು ನೇಮಿಸಿಕೊಂಡದ್ದು ಔದಾರ್ಯವೂ ಅಲ್ಲ, ಕುಟಿಲತೆಯೂ ಅಲ್ಲ. ಕೆಲಸ ಬಲ್ಲವರನ್ನು ಕೆಲಸಕ್ಕೆ ಇಟ್ಟುಕೊಂಡ, ಅಷ್ಟೇ. ಮುಂಬಯಿ ಸರಕಾರ 1950ರಲ್ಲಿ ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ರದ್ದು ಮಾಡಿತು, ಉಳಿದ ಗ್ರಾಮ ಹುದ್ದೆಗಳು ನಮ್ಮ ರಾಜ್ಯದ 1961ರ ಕಾಯ್ದೆಯಿಂದ ಹೋದವು. ತಕರಾರುಗಳು ಮಾತ್ರ ಹೋಗಿಲ್ಲ. ತಳವಾರಿಕೆಯ ಮತ್ತು ವಾಲೀಕಾರಿಕೆಯ (ಹಳ್ಳಿಯ ಸೇವೆಯ ಹುದ್ದೆಗಳ) ಚಾಕರಿ ಜಮೀನು ಯಾರಿಗೆ ಮರುಮಂಜೂರಾಯಿತು, ಅದನ್ನು ಮಾರಲು ಪರವಾನಗಿ ಇತ್ತೇ ಇಲ್ಲವೇ ಎಂಬ ದಾವೆಗಳು ಇಂದಿಗೂ ನಡೆಯುತ್ತವೆ. ಗದ್ದಲವೆಲ್ಲ ಗುಮ್ಮಟದ ಬಗ್ಗೆ, ವ್ಯಾಜ್ಯವೆಲ್ಲ ಚಾಕರಿ ಜಮೀನಿನ ಬಗ್ಗೆ.

ನಿವೃತ್ತ ಎಂಜಿನಿಯರ್, ಬಾಗಲಕೋಟೆ

ನೀರು ಸರಬರಾಜಿನ ಕೆಲಸದಲ್ಲಿ ಸೇವೆ ಸಲ್ಲಿಸಿದವನಾದ್ದರಿಂದ ನನಗೆ ಗೊತ್ತಿರುವ ಮಧ್ಯಯುಗ ನೆಲದ ಕೆಳಗಿನದು. ಮಳೆ ಕಡಿಮೆ, ಹತ್ತಿರ ದೊಡ್ಡ ಹೊಳೆಯಿಲ್ಲ; ಅಂಥ ಬಿಜಾಪುರದಲ್ಲಿ ಆ ಕಾಲದ ಒಂದು ದೊಡ್ಡ ರಾಜಧಾನಿ ಹೇಗೆ ಬದುಕಿತು ಎಂಬುದೇ ಕೇಳಬೇಕಾದ ಪ್ರಶ್ನೆ. ತೊರವಿಯ ಕಡೆಯಿಂದ ನೆಲದಡಿ ಸುರಂಗ ಕೊರೆದು ನೀರು ತಂದರು. ಊರಿನೊಳಗೆ ಚಾಂದ ಬಾವಡಿ, 1620ರ ತಾಜ ಬಾವಡಿಯಂಥ ದೊಡ್ಡ ಬಾವಡಿಗಳನ್ನು ತೋಡಿದರು. 1651ರಲ್ಲಿ ಬೇಗಂ ತಲಾಬ್ ಕಟ್ಟಿ ಮಣ್ಣಿನ ಕೊಳವೆಗಳ ಮೂಲಕ ಊರಿಗೆ ಹರಿಸಿದರು. ಕೊಳವೆ ಸಾಲಿನ ನಡುನಡುವೆ ಇಂದಿಗೂ ಕಾಣುವ ಚೌಕ ಗೋಪುರಗಳನ್ನು ಹಲವರು ಕಾವಲು ಬುರುಜು ಎಂದುಕೊಂಡಿದ್ದಾರೆ. ಅವು ‘ಗಂಜ್’ಗಳು. ಇಳಿಜಾರಿನಲ್ಲಿ ಬರುವ ನೀರಿನ ಒತ್ತಡ ಏರಿದರೆ ಮಣ್ಣಿನ ಕೊಳವೆ ಒಡೆಯುತ್ತದೆ. ಆದ್ದರಿಂದ ನೀರನ್ನು ಗೋಪುರದೊಳಗೆ ಮೇಲಕ್ಕೆ ಏರಗೊಟ್ಟು, ಬಾಯ್ತೆರೆದ ತೊಟ್ಟಿಯಲ್ಲಿ ಒತ್ತಡ ಕಳೆದು, ಗಾಳಿ ಹೊರಬಿಟ್ಟು, ಮಣ್ಣು ತಳದಲ್ಲಿ ಕೂರಿಸಿ, ಮತ್ತೆ ಕೆಳಗಿಳಿಸಿ ಮುಂದಕ್ಕೆ ಬಿಡುತ್ತಿದ್ದರು. ಇಂದಿನ ಒತ್ತಡ ತಗ್ಗಿಸುವ ತೊಟ್ಟಿಯೂ ಮಾಡುವುದು ಇದನ್ನೇ.

ಕತ್ತಲೆಯ ಯುಗ ಎಂದು ಬರೆಯುವವರು ಈ ಗಂಜ್‌ಗಳ ಮುಂದೆ ನಿಂತು ಬರೆಯಲಿ. ನಲ್ಲಿ ಬಂದ ಮೇಲೆ ಬಾವಡಿಗಳಿಗೆ ಕಸ ಸುರಿದವರು ನಾವೇ, ಮಧ್ಯಯುಗದವರಲ್ಲ. ಇತ್ತೀಚಿನ ವರ್ಷಗಳಲ್ಲಿ ಕೆಲವು ಬಾವಡಿಗಳ ಹೂಳು ತೆಗೆದಿದ್ದಾರೆ. ಅದೊಂದು ಒಳ್ಳೆಯ ಕೆಲಸ.

ಇಳಕಲ್ಲಿನ ನೇಕಾರರ ಮನೆಯ ಹೆಣ್ಣುಮಗಳು

ಅಡುಗೆಮನೆಯ ಕಡೆಯಿಂದಲೂ ಒಂದು ಮಾತು ಸೇರಿಸುತ್ತೇನೆ. ಜೋಳದ ರೊಟ್ಟಿ, ಕೆಂಪು ಖಾರ, ಶೇಂಗಾ ಚಟ್ನಿ ಬಸವಣ್ಣನವರ ಕಾಲದಿಂದ ಬಂದ ಊಟ ಎಂದು ಮದುವೆ ಮನೆಯಲ್ಲಿ ಹಿರಿಯರೊಬ್ಬರು ಭಾಷಣ ಮಾಡಿದರು. ಜೋಳದ ಮಟ್ಟಿಗೆ ತಕರಾರಿಲ್ಲ. ಮೆಣಸಿನಕಾಯಿ, ಶೇಂಗಾ, ಟೊಮೆಟೊ, ಬಟಾಟೆ ಇವೆಲ್ಲ ಅಮೆರಿಕ ಖಂಡದ ಬೆಳೆಗಳು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳು ಬರಲು ಆರಂಭಿಸಿದ ಮೇಲೆ ಈ ನೆಲಕ್ಕೆ ಬಂದವು. ಆ ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಕಿತ್ತುಕೊಂಡದ್ದು ನಮ್ಮ ಆದಿಲಶಾಹಿಯಿಂದಲೇ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಯಿಸಿದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಅಡುಗೆಯ ವಿವರ ಬೇಕಾದಷ್ಟಿದೆ, ಖಾರಕ್ಕೆ ಇರುವುದು ಕಾಳುಮೆಣಸು. ನಮ್ಮ ಗುರುತು ಎಂದು ಎದೆ ತಟ್ಟಿಕೊಳ್ಳುವ ಖಾರ ಹೊರಗಿನಿಂದ ಬಂದು ನಮ್ಮದಾದದ್ದು, ಅದಕ್ಕಾಗಿ ಯಾರೂ ರೊಟ್ಟಿಯ ತಾಟು ಸರಿಸಿ ಏಳುವುದಿಲ್ಲ.

ಹಳ್ಳಿಗಳು ತಮ್ಮ ಪಾಡಿಗೆ ತಾವು ಇದ್ದವು, ಹೊರಗಿನ ಗೊಡವೆ ಇರಲಿಲ್ಲ ಎಂಬುದೂ ಇಂಥದ್ದೇ ಇನ್ನೊಂದು ನಂಬಿಕೆ. ನಮ್ಮ ಪಕ್ಕದ ಐಹೊಳೆಯ ಹೆಸರು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದ ಉಲ್ಲೇಖ ಸುಮಾತ್ರಾ ದ್ವೀಪದಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲಿದೆ. ಇಂದು ಐಹೊಳೆಗೆ ಬರುವವರು ಗುಡಿಗಳನ್ನು ನೋಡಿ ಹೋಗುತ್ತಾರೆ, ಅಂಗಡಿಕಾರರ ಐಹೊಳೆಯನ್ನು ಕೇಳುವವರಿಲ್ಲ.

ಇತಿಹಾಸ ಎಂ.ಎ. ವಿದ್ಯಾರ್ಥಿನಿ, ವಿಜಯಪುರ

ಅಕ್ಕನವರು ಹೇಳಿದ್ದಕ್ಕೆ ಜೋಡಿಯಾಗಿ: ಎಂಜಿನಿಯರ್ ಸಾಹೇಬರು ಹೆಸರಿಸಿದ ತೊರವಿಯಲ್ಲಿಯೇ ನರಸಿಂಹನ ಗುಡಿಯಿದೆ, ಅಲ್ಲಿ ಕುಮಾರ ವಾಲ್ಮೀಕಿ ತೊರವೆ ರಾಮಾಯಣ ಬರೆದದ್ದು ಸುಮಾರು 1500ರ ಕಾಲದಲ್ಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. 1599ರಲ್ಲಿ ಎರಡನೆಯ ಇಬ್ರಾಹಿಂ ತನ್ನ ಸಂಗೀತದ ಹೊಸ ಪಟ್ಟಣ ನವರಸಪುರಕ್ಕೆ ಆರಿಸಿಕೊಂಡದ್ದೂ ಅದೇ ಸೀಮೆಯನ್ನು. ವಕೀಲರು ಬೈಯುವರೆಂದು ಇದಕ್ಕೆ ಸೌಹಾರ್ದ ಎನ್ನುವುದಿಲ್ಲ. ಒಂದೇ ಸೀಮೆಯ ನೀರು ಎಂದಷ್ಟೇ ಹೇಳುತ್ತೇನೆ.

ಹಳೆಯ ಗುಡಿಯ ಕಂಬಗಳ ಬಗ್ಗೆ ಮಾತು ಬಂತು. ವಿಜಯಪುರದ ಕರೀಮುದ್ದೀನ್ ಮಸೀದಿ 1320ರದು, ಅಂದರೆ ಆದಿಲಶಾಹಿಗಿಂತ ಒಂದೂವರೆ ಶತಮಾನಕ್ಕೂ ಹಳೆಯದು. ಅದರ ಕಂಬಗಳೂ ಗುಡಿಗಳವು. ಅಲ್ಲಿನ ನಾಗರಿ ಲಿಪಿಯ ಶಾಸನ ಅದನ್ನು ಕಟ್ಟಿದವನ ಹೆಸರು ಹೇಳುತ್ತದೆ: ಸಾಲೋಟಗಿಯ ರೇವಯ್ಯ. ಈ ಸಾಲೋಟಗಿ ಇಂಡಿ ತಾಲ್ಲೂಕಿನ ಊರು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ 945ರ ಶಾಸನದಲ್ಲಿ ಬೇರೆ ಬೇರೆ ನಾಡುಗಳ ವಿದ್ಯಾರ್ಥಿಗಳಿಗೆ ವಸತಿಯಿದ್ದ ಶಾಲೆಯ ಊರೆಂದು ಹೆಸರಾದದ್ದು. ಮಸೀದಿಯನ್ನು ಎರಡೂ ಕಡೆಯವರು ತಮ್ಮ ತಮ್ಮ ವಾದಕ್ಕೆ ಎಳೆದುಕೊಳ್ಳುತ್ತಾರೆ, ರೇವಯ್ಯ ಮಾತ್ರ ಇಬ್ಬರ ವಾದದಲ್ಲಿಯೂ ಹಿಡಿಸುವುದಿಲ್ಲ.

ವಕೀಲ, ಬೆಳಗಾವಿ

ರೇವಯ್ಯ ಕೂಲಿ ಪಡೆದು ಕೆಲಸ ಮಾಡಿದನೋ ಹೆದರಿ ಮಾಡಿದನೋ ಎಂದು ಶಾಸನದಿಂದ ತಿಳಿಯದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಆ ಸಂಯಮ ತಮ್ಮ ಬರಹದಲ್ಲಿದೆ, ಒಪ್ಪಿದೆ. ಆದರೆ ಶಿಕ್ಷಕರು 1565ರ ಮುಂಚಿನ ಇಪ್ಪತ್ತು ವರ್ಷಗಳನ್ನು ಹೇಳಿದರು, ನಂತರದ ತಿಂಗಳುಗಳನ್ನು ಹೇಳಲಿಲ್ಲ. ಹಂಪಿಯಲ್ಲಿ ಆದದ್ದನ್ನು ಕೋಟೆ ಮತ್ತು ಮದುವೆಗಳ ಲೆಕ್ಕದಿಂದ ವಿವರಿಸಲು ಬರುತ್ತದೆಯೇ?

ಸಮಾಜ ವಿಜ್ಞಾನ ಶಿಕ್ಷಕ, ವಿಜಯಪುರ

ವಕೀಲ ಸಾಹೇಬರೇ, ಪೂರ್ತಿಯಾಗಿ ಬರುವುದಿಲ್ಲ. ಯುದ್ಧಭೂಮಿಯಲ್ಲಿ ರಾಮರಾಯನ ತಲೆ ಕತ್ತರಿಸಿದ ಮೇಲೆ ರಾಜಧಾನಿ ಕಾವಲಿಲ್ಲದೆ ಉಳಿಯಿತು. ತಿಂಗಳುಗಟ್ಟಲೆ ಲೂಟಿ ನಡೆಯಿತು, ಬೆಂಕಿ ಬಿತ್ತು, ವಿಗ್ರಹಗಳು ಒಡೆದವು. ಅದನ್ನು ಸಣ್ಣದು ಮಾಡುವ ಆಸೆ ನನಗಿಲ್ಲ, ಹಂಪಿಗೆ ಹೋದವರಿಗೆ ಹಾಗೆ ಮಾಡಲು ಮನಸ್ಸೂ ಬಾರದು. ಆದರೆ ಅಲ್ಲಿಯೂ ಕಣ್ಣಿಗೆ ಕಾಣುವುದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ವಿಠ್ಠಲನ ಗುಡಿ ಬಹಳ ಹಾನಿಗೊಂಡಿತು. ವಿರೂಪಾಕ್ಷನ ಗುಡಿ ಉಳಿಯಿತು, ಪೂಜೆ ಇಂದಿಗೂ ನಡೆಯುತ್ತಿದೆ. ಒಂದೇ ದಂಡು, ಒಂದೇ ಊರು, ಎರಡು ಫಲ. ಇದಕ್ಕೆ ವಿದ್ವಾಂಸರು ಕೊಡುವ ಕಾರಣಗಳು ಒಂದಕ್ಕೊಂದು ಹೊಂದುವುದಿಲ್ಲ. ‘ಎಲ್ಲವನ್ನೂ ಕೆಡವಿದರು’ ಎಂಬ ಒಂದು ಸಾಲಿನ ಉತ್ತರ ಮಾತ್ರ ವಿರೂಪಾಕ್ಷನ ಎದುರು ನಿಲ್ಲುವುದಿಲ್ಲ.

ಧರ್ಮದ ಒಕ್ಕೂಟ ಎಂಬ ವಿವರಣೆಗೆ ನಿಜವಾದ ಪರೀಕ್ಷೆ ಗೆದ್ದ ನಂತರದ ನಡವಳಿಕೆ. ರಾಮರಾಯನ ತಮ್ಮ ತಿರುಮಲ ಪೆನುಕೊಂಡೆಗೆ ಹೋಗಿ ಆಳಿಕೆ ಮುಂದುವರಿಸಿದ, ಅವನ ಅರವೀಡು ವಂಶ ಹದಿನೇಳನೆಯ ಶತಮಾನದವರೆಗೂ ನಡೆಯಿತು. ಅತ್ತ ಗೆದ್ದವರಲ್ಲಿ ಎರಡು ವರ್ಷವೂ ಒಗ್ಗಟ್ಟು ಉಳಿಯಲಿಲ್ಲ. 1574ರಲ್ಲಿ ಅಹಮದನಗರ ಬೇರಾರಿನ ಸುಲ್ತಾನರ ರಾಜ್ಯವನ್ನು ನುಂಗಿತು, ಬಿಜಾಪುರ ತೆಂಕಣ ದಿಕ್ಕಿಗೆ ಕೈ ಚಾಚಿತು. ರಕ್ಕಸಗಿ-ತಂಗಡಗಿಯಲ್ಲಿ ತಮ್ಮ ಜೊತೆ ನಿಂತು ಹೋರಾಡಿದ್ದ ಬರೀದ ಸುಲ್ತಾನರ ಬೀದರನ್ನು 1619ರಲ್ಲಿ ಗೆದ್ದು ತನ್ನ ರಾಜ್ಯಕ್ಕೆ ಸೇರಿಸಿಕೊಂಡವನು ಬೇರೆ ಯಾರೂ ಅಲ್ಲ, ಸರಸ್ವತಿಯ ಪದ ಬರೆದ ನಮ್ಮ ಎರಡನೆಯ ಇಬ್ರಾಹಿಂ.